ಅಪ್ಪನ ಎದುರಿಗೆ

ಆಸ್ಪತ್ರೆಯ ಹಿಂಭಾಗದಲ್ಲಿ ಬಟ್ಟೆ ಒಗೆಯುವ ಕೋಣೆ. ಬೆಳಗಿನ ಮೊದಲ ಗಂಟು ಬಿಚ್ಚಿದರೆ ಆಪರೇಷನ್ನಿನ ಹಸಿರು ಬಟ್ಟೆ, ಹೆರಿಗೆ ವಾರ್ಡಿನ ಹಾಸು, ಎಲ್ಲವೂ ರಕ್ತದಲ್ಲಿ ಅದ್ದಿ ತೆಗೆದಂಥವೇ. ಅಲ್ಲಿನವರೆಲ್ಲ ಸೋಪಕ್ಕ ಎಂದು ಕರೆಯುವ ಹೆಂಗಸು ಅವನ್ನು ತಣ್ಣೀರಿನ ತೊಟ್ಟಿಗೆ ಇಳಿಸಿ ತಿಕ್ಕುತ್ತಿದ್ದಳು.

"ಇಷ್ಟು ರಕ್ತ ನೋಡಿ ಊಟ ಹೇಗೆ ಸೇರತ್ತೆ ಸೋಪಕ್ಕ ನಿಂಗೆ?" ಬಾಯ್ಲರ್ ನೋಡಿಕೊಳ್ಳುವ ಮುದುಕ ಕೇಳಿದ.

"ಸೇರದೆ ಏನು? ರಕ್ತಕ್ಕೇನು ಹಲ್ಲಿದೆಯಾ ಕಚ್ಚೋಕೆ?"

ಇಬ್ಬರೂ ನಕ್ಕರು.

ಮನೆಯಲ್ಲಿ ಮಾತ್ರ ರಕ್ತದ ಮಾತಿಗೆ ಜಾಗವಿರಲಿಲ್ಲ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೊದಲ ಸಲ ಮುಟ್ಟಾದಾಗಲೇ, "ಗೋಡೆಗೂ ಕೇಳಿಸಬಾರದು. ಅದರಲ್ಲೂ ನಿಮ್ಮಪ್ಪಂಗೆ" ಎಂದು ಹೇಳಿಕೊಟ್ಟಿದ್ದಳು. ದೊಡ್ಡವಳು ತಾಯಿ ಹಾಕಿದ ಗೆರೆ ದಾಟುವವಳಲ್ಲ. ಈ ಸಲ ಮುಟ್ಟು ಮೂರನೆಯ ವಾರಕ್ಕೆ ಬಂದರೂ ನಿಲ್ಲದೆ ಹೋದಾಗ ಅಡುಗೆಮನೆಯ ಮೂಲೆಯಲ್ಲಿ ಪಿಸುಗುಟ್ಟಿದಳು:

"ಅಮ್ಮಾ, ನಿಲ್ತಾನೇ ಇಲ್ಲ."

"ಎಳೇ ಮೈ, ಹಾಗೇ ಆಗತ್ತೆ. ತಡ್ಕೋ."

ತಡೆದುಕೊಂಡಳು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಳು. ಬಸ್ಸಿನ ಡ್ರೈವರಾದ ತಂದೆ ಕೆಲಸ ಬಿಟ್ಟು ಓಡಿಬಂದು ಮಗಳನ್ನು ಆಸ್ಪತ್ರೆಗೆ ಹೊತ್ತು ತಂದ. ಹಾಸಿಗೆಯ ಸುತ್ತ ಅವನು, ಅವನ ತಮ್ಮ, ಸುದ್ದಿ ಕೇಳಿ ಬಂದ ಬಾಯ್ಲರ್ ಮುದುಕ, ಎಲ್ಲ ನಿಂತಿದ್ದರು. ಡಾಕ್ಟರಮ್ಮ ಹುಡುಗಿಯ ಕಣ್ಣಿನ ರೆಪ್ಪೆ ಎಳೆದು ನೋಡಿದರು.

"ತುಂಬಾ ಬಿಳಿಚಿಕೊಂಡಿದಾಳೆ. ಮುಟ್ಟಿನಲ್ಲಿ ಜಾಸ್ತಿ ಹೋಗ್ತಿದೆಯಾ?"

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ಸುತ್ತಲಿನ ಗಂಡಸರನ್ನು ನೋಡಿದಳು.

"ಇಲ್ಲ ಡಾಕ್ಟ್ರೇ, ಅದೆಲ್ಲಾ ಸರಿಯಾಗಿದೆ. ಹೊಟ್ಟೆಗೆ ಸರಿಯಾಗಿ ತಿನ್ನಲ್ಲ, ಅಷ್ಟೇ."

"ನೀನು ಹೇಳಮ್ಮಾ."

"ಅಮ್ಮ ಹೇಳಿದ ಹಾಗೇ," ಎಂದು ಅವಳು ತಲೆ ತಗ್ಗಿಸಿದಳು.

ಹಿಂದೆ ರೋಗಿಗಳ ಸಾಲು ಬೆಳೆಯುತ್ತಿತ್ತು. ಡಾಕ್ಟರಮ್ಮ ಟಾನಿಕ್ ಬರೆದು, ರಕ್ತಪರೀಕ್ಷೆ ಇವತ್ತೇ ಮಾಡಿಸಿ ಎಂದರು. ಪರೀಕ್ಷೆಯಲ್ಲಿ ಗುಟ್ಟು ಹೊರಬಿದ್ದೀತು ಎಂಬ ಅಳುಕಿಗೆ ತಾಯಿ ನಾಳೆ ಎಂದಳು. ಮರುದಿನವೂ ನಾಳೆ ಎಂದಳು. ಅದರ ಮಾರನೆಯ ಬೆಳಿಗ್ಗೆ ಮಗಳು ಚಾಪೆಯಿಂದ ಏಳಲಿಲ್ಲ.

ಮತ್ತೆ ಆಸ್ಪತ್ರೆಗೆ ಹೊತ್ತು ತಂದರು. ಈ ಸಲ ತಾಯಿ ಎಲ್ಲರ ಎದುರಿಗೇ ಕಿರುಚಿದಳು: "ಮೂರು ವಾರ ದಾಟಿತು ಡಾಕ್ಟ್ರೇ, ಮುಟ್ಟು ನಿಂತಿಲ್ಲ. ನಾನು ಸುಳ್ಳು ಹೇಳ್ದೆ!"

ಮಗಳಿಗೆ ರಕ್ತ ಬೇಕಿತ್ತು. ತಂದೆ ತೋಳು ಚಾಚಿ ಮಲಗಿದ. ಹೆಂಡತಿ ಪಕ್ಕದಲ್ಲಿ ನಿಂತಿದ್ದಳು.

"ಮನೇಲೇ ಇದ್ನಲ್ಲೇ ನಾನು. ಒಂದು ಮಾತು ಹೇಳ್ಬಾರದಿತ್ತಾ?"

"ನೀವು ಎದುರಿಗಿದ್ರಿ. ಅದಕ್ಕೇ."

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಸೂಜಿ ನೋಯ್ತಿದೆಯಾ ಎಂದು ನರ್ಸ್ ಕೇಳಿದಳು. ಆ ರಕ್ತದ ಪರೀಕ್ಷೆ ಮುಗಿದು ಚೀಲ ವಾರ್ಡಿಗೆ ಬರುವ ಹೊತ್ತಿಗೆ ಮಗಳು ಉಳಿದಿರಲಿಲ್ಲ.

ತಿಂಗಳುಗಳು ಉರುಳಿದವು. ಸೋಪಕ್ಕ ಕೆಲಸಕ್ಕೆ ಹೋಗುತ್ತಿದ್ದಳು. ಮುದುಕ ತಮಾಷೆ ಮಾಡುವುದನ್ನು ಬಿಟ್ಟಿದ್ದ. ಒಂದು ಸಂಜೆ ಊಟಕ್ಕೆ ಕೂತಾಗ ಚಿಕ್ಕವಳು ತಟ್ಟೆ ಸರಿಸಿ ಹೊಟ್ಟೆ ಒತ್ತಿಕೊಂಡಳು. ತಂದೆ ನೋಡಿದ. ಕಲಸಿದ ತುತ್ತು ಅವನ ಕೈಯಲ್ಲೇ ಉಳಿಯಿತು.

"ಪುಟ್ಟೀ... ಮುಟ್ಟಾಗಿದೀಯಾ?"

ಹೊಸ ಪಾಠ ಓದುವ ಮಗುವಿನಂತೆ ತಡವರಿಸಿದ್ದ. ಕಣ್ಣು ನೆಲದಲ್ಲಿತ್ತು. ಸೋಪಕ್ಕನ ಬಾಯಿಗೆ ಹಳೆಯ "ಶ್" ಬಂದೇಬಿಟ್ಟಿತ್ತು; ನುಂಗಿಕೊಂಡಳು.

"ಹೇಳೇ," ಎಂದಳು. "ಅಪ್ಪ ಕೇಳ್ತಿದಾರಲ್ಲ."

"ಹೂಂ. ತುಂಬಾ ನೋಯ್ತಿದೆ, ಅಪ್ಪಾ. ಜಾಸ್ತೀನೂ ಹೋಗ್ತಿದೆ."

"ಬೆಳಿಗ್ಗೆ ರಜಾ ಹಾಕ್ತೀನಿ. ಡಾಕ್ಟ್ರ ಹತ್ರ ಹೋಗೋಣ. ಅವರು ಕೇಳಿದ್ದಕ್ಕೆಲ್ಲ ನೀನೇ ಬಾಯಿ ಬಿಟ್ಟು ಹೇಳ್ಬೇಕು." ಆಮೇಲೆ ಕೇಳಿದ: "ಆಗ ನಾನು... ಹೊರಗಿರ್ಲಾ?"

ಚಿಕ್ಕವಳು ಅಮ್ಮನ ಕಡೆ ನೋಡಲಿಲ್ಲ.

"ಬೇಡ. ಒಳಗೇ ಇರಪ್ಪ."