ಹುಲ್ಲಿನ ಮೇಲೊಂದು ಓಣಿ

ಆ ಊರಿನ ಮಾಲಿಗಳಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿತ್ತು. ಹೊಸ ಪಾರ್ಕು ಮಾಡಿದರೆ ಮೊದಲ ವರ್ಷ ಕಾಲುದಾರಿ ಹಾಕುತ್ತಿರಲಿಲ್ಲ. ಬರೀ ಹುಲ್ಲು ಬೆಳೆಸಿ ಸುಮ್ಮನಿರುತ್ತಿದ್ದರು. ಜನ ನಡೆದು ಹುಲ್ಲು ಎಲ್ಲಿ ಸವೆಯುತ್ತದೋ ಅಲ್ಲಿ ಕಲ್ಲು ಹಾಸುವುದು.

ಇದನ್ನು ಕೇಳಿದಾಗಿನಿಂದ ಟೈಲರಮ್ಮನಿಗೆ ಒಂದೇ ಹಂಬಲ. ಊರಿನಲ್ಲಿ ಈಗ ಹೊಸದಾಗಿ ಮಾಡಿದ ಪಾರ್ಕಿಗಾಗಿ ಕೆಡವಿದ ಓಣಿಯಲ್ಲೇ ಅವಳು ಹುಟ್ಟಿ ಬೆಳೆದದ್ದು. ಬದಲಿಗೆ ಕೊಟ್ಟ ಮನೆಯ ಮೇಲೆ ದೂರೇನಿಲ್ಲ. ನಲ್ಲಿ ತಿರುಗಿಸಿದರೆ ನೀರು, ಸ್ವಿಚ್ಚು ಒತ್ತಿದರೆ ಬೆಳಕು. ಆದರೆ ಬಾಗಿಲು ತೆರೆದರೆ ಎದುರಿಗೆ ಗೋಡೆ. ಮನೆ ಹೋದರೆ ಹೋಗಲಿ, ಓಣಿಯ ಗುರುತಾದರೂ ಉಳಿಯಲಿ ಎಂದು ಅವಳು ತನ್ನ ಹೊಲಿಗೆ ಅಂಗಡಿಗೆ ಹೋಗುವಾಗ, ಬರುವಾಗ, ಹುಲ್ಲಿನ ಮೇಲೆ ಹಳೇ ಓಣಿಯ ಜಾಡು ಹಿಡಿದು ನಡೆಯತೊಡಗಿದಳು. ಹಾಲಿನಂಗಡಿ ಇದ್ದಲ್ಲಿ ಎಡಕ್ಕೆ ತಿರುವು, ತನ್ನ ಬಾಗಿಲು ಇದ್ದಲ್ಲಿ ಒಂದು ಗಳಿಗೆ ನಿಲುಗಡೆ, ಆಮೇಲೆ ಮುಂದಕ್ಕೆ.

ಹಿರಿಯ ಮಾಲಿ ಇದನ್ನು ನೋಡಿಯೇ ನೋಡಿದ.

"ಏನಮ್ಮಾ, ನೆಟ್ಟಗೆ ಹೋಗೋದು ಬಿಟ್ಟು ಹಾವಿನ ಹಾಗೆ ಹೋಗ್ತೀಯಲ್ಲ?"

"ಓಣಿನೇ ಹಾಗಿತ್ತು, ಅಣ್ಣ. ನಾನೇನು ಮಾಡಲಿ."

"ಈ ಊರಿನ ಮೊದಲ ಪಾರ್ಕು ಹಿಂದೆ ದೊರೆಯ ಬೇಟೆಕಾಡಾಗಿತ್ತು. ಎರಡನೇದು ಕಸದ ಗುಡ್ಡೆ. ಮೂರನೇದು ಸ್ಮಶಾನ. ಅಲ್ಲೆಲ್ಲ ನಮಗೆ ಇಂಥ ಕಾಟ ಇರಲಿಲ್ಲ ನೋಡು."

"ಸ್ಮಶಾನದವರು ಎದ್ದು ಬರೋಕಾಗುತ್ತಾ? ನಮಗಿನ್ನೂ ಕಾಲಿದೆ."

ಮಾಲಿ ನಕ್ಕ. "ಒಬ್ಬಳ ಕಾಲಿಗೆ ಹುಲ್ಲು ಸಾಯಲ್ಲ ತಂಗಿ. ನಾಲ್ಕು ಜನರನ್ನ ಕರ್ಕೊಂಡು ಬಾ."

ನಾಲ್ಕು ಜನ ಎಲ್ಲಿಂದ ಬರಬೇಕು? ಓಣಿಯವರು ಊರಿನ ದಿಕ್ಕುದಿಕ್ಕಿಗೆ ಚೆದುರಿದ್ದರು. ಹೇಳಿ ಕಳಿಸಿದರೆ 'ಬರ್ತೀವಿ' ಅಂದರು, ಬರಲಿಲ್ಲ. ಕೊನೆಗೆ ಒಂದು ಭಾನುವಾರ, ಮಂಡಿನೋವಿಗೆ ಬೈಯುತ್ತ, ಅವಳ ಅಕ್ಕ ಬಂದಳು.

"ಇಲ್ಲೇ ಅಕ್ಕ, ನಮ್ಮ ಬಾಗಿಲು," ಎಂದು ಟೈಲರಮ್ಮ ನಿಂತಳು.

ಅಕ್ಕ ಸುತ್ತ ನೋಡಿದಳು. "ನಿನ್ನ ತಲೆ. ಬಾಗಿಲಲ್ಲಿ ನಿಂತರೆ ಗಡಿಯಾರದ ಗೋಪುರ ಕಾಣ್ತಿತ್ತು. ಇಲ್ಲಿಂದ ಎಲ್ಲಿ ಕಾಣುತ್ತೆ?"

ಕಾಣಲಿಲ್ಲ, ಆಸ್ಪತ್ರೆಯ ಹಳೇ ಕಟ್ಟಡ ಅಡ್ಡವಿತ್ತು. ಅಕ್ಕ ಕುಂಟುತ್ತ ಪಕ್ಕಕ್ಕೆ ಸರಿಯುತ್ತ ಹೋಗಿ, ಗೋಪುರ ಕಂಡಲ್ಲಿ ನಿಂತು ಕೈ ಬೀಸಿದಳು. ಇಬ್ಬರ ನಡುವೆ ನೀರು ನಿಲ್ಲುವ ತಗ್ಗು. ಮಳೆಗಾಲದಲ್ಲಿ ಕೆಸರು ತಪ್ಪಿಸಲೆಂದು ಪಕ್ಕಕ್ಕೆ ಇಟ್ಟ ಟೈಲರಮ್ಮನ ಕಾಲು ಆಮೇಲೆ ಅದೇ ಅಭ್ಯಾಸ ಮಾಡಿಕೊಂಡಿತ್ತು.

"ಹಾಗಾದರೆ ಇಷ್ಟು ದಿನ ನಾನು ನಿಂತಿದ್ದು ಪಕ್ಕದ ಆ ಜಗಳಗಂಟಿಯ ಮನೆ ಮುಂದೆಯಾ?"

"ಅವಳು ಇದ್ದಿದ್ದರೆ ನೀರೆರಚಿ ಓಡಿಸ್ತಿದ್ದಳು," ಎಂದು ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಟೈಲರಮ್ಮನಿಗೆ ನಗು ಬರಲಿಲ್ಲ.

ವರ್ಷ ತುಂಬಿದಾಗ ಮಾಲಿ ಗೂಟ, ಹಗ್ಗ ಹಿಡಿದು ಬಂದ. ಜನ ನಡೆದ ದಾರಿ ಬಸ್ ನಿಲ್ದಾಣಕ್ಕೆ ಗೆರೆ ಎಳೆದಂತೆ ನೆಟ್ಟಗಿತ್ತು.

"ನಿನ್ನದೂ ತೆಳ್ಳಗೆ ಮೂಡಿದೆ ತಂಗಿ," ಎಂದ ಅವನು, ದನಿ ತಗ್ಗಿಸಿ. "ಹೂಂ ಅನ್ನು, ಉಳಿದ ಕಲ್ಲಲ್ಲಿ ಒಂದು ಸಾಲು ಹಾಕಿಸ್ತೀನಿ. ಯಾರೂ ಕೇಳಲ್ಲ."

ಬೇಡಿದ್ದು ಕೈಗೆ ಬಂದಿತ್ತು. ಅವಳು ತಗ್ಗು ತಪ್ಪಿಸಿ ಪಕ್ಕಕ್ಕೆ ಸರಿದ ಆ ತೆಳು ಗೆರೆಯನ್ನೇ ನೋಡುತ್ತ ನಿಂತಳು.

"ಬೇಡ ಅಣ್ಣ. ತಪ್ಪಾದ ಕಡೆ ಕಲ್ಲು ಬಿದ್ದರೆ, ನಾಳೆ ನನಗೂ ಅದೇ ನಿಜ ಅನ್ನಿಸಿಬಿಡುತ್ತೆ."

ಮುಂದಿನ ಮಳೆಗೆ ಹುಲ್ಲು ಆ ಗೆರೆಯನ್ನು ಮುಚ್ಚಿತು. ಟೈಲರಮ್ಮ ಈಗ ಎಲ್ಲರೊಡನೆ ಕಲ್ಲಿನ ದಾರಿಯಲ್ಲೇ ಹೋಗುತ್ತಾಳೆ. ಅರ್ಧ ದಾರಿಯಲ್ಲಿ ಅವಳ ನಡಿಗೆ ನಿಧಾನವಾಗುತ್ತದೆ, ಕಣ್ಣು ಹುಲ್ಲಿನ ಕಡೆ ಹೊರಳುತ್ತದೆ. ಹಿಂದಿನವರು ದಾರಿ ಬಿಡಿ ಎನ್ನುವ ತನಕ.