ಇಲಿಗೆ ಹಿಡಿದ ಮದ್ದು

ಅಕ್ಕ ಸ್ಕೂಲ್ ಬಸ್ಸಿನ ಡ್ರೈವರ್. ಪಾದ ಊದಿಕೊಂಡು ಚಪ್ಪಲಿಯ ಪಟ್ಟಿಯ ಅಚ್ಚು ಬೀಳುತ್ತಿದ್ದರೂ, ಮೂತ್ರದಲ್ಲಿ ನೊರೆ ಬರುತ್ತಿದ್ದರೂ ತುಟಿ ಪಿಟಕ್ಕೆನ್ನಲಿಲ್ಲ. ಒಂದು ಬೆಳಗ್ಗೆ ಮಕ್ಕಳನ್ನೆಲ್ಲ ಇಳಿಸಿ ತಾನು ಇಳಿಯುವಾಗ ತಲೆ ಸುತ್ತಿ ಬಿದ್ದಳು. ಸಕ್ಕರೆ ಕಾಯಿಲೆ ಆಗಲೇ ಕಿಡ್ನಿಯ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ತಿಂದುಹಾಕಿತ್ತು.

ಸುದ್ದಿ ಕೇಳಿ ತಂಗಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಓದು ಮುಗಿದಾಗಿನಿಂದ ಅವಳು ಲ್ಯಾಬಿನಲ್ಲಿ ಮಾಡುತ್ತಿದ್ದುದು ಇದೇ ಕಾಯಿಲೆಯ ಕೆಲಸ. ಗಾಯ ಮಾಯಿಸಲು, ಜೀವಕೋಶ ಬೆಳೆಸಲು ದೇಹದಲ್ಲಿ ಕೆಲವು ಪ್ರೋಟೀನುಗಳಿವೆ. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಅವು ಹದ ತಪ್ಪುತ್ತವೆ. ಅವುಗಳಲ್ಲೊಂದು, ಕಿಡ್ನಿಯ ಸೋಸುವ ಜಾಗದಲ್ಲಿ ಬೇಡದ ನಾರನ್ನು ಪೇರಿಸುತ್ತಲೇ ಹೋಗುತ್ತದೆ. ಅದನ್ನು ತಡೆದು ಇಲಿಗಳ ಕಿಡ್ನಿ ಉಳಿಸಿದವಳು, ಅದರ ಬಗ್ಗೆ ಊರೂರಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದವಳು ಈ ತಂಗಿ. ದೀಪದ ಬುಡದಲ್ಲೇ ಕತ್ತಲೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಭಾವ ಅಡ್ಡ ನಿಂತ.

“ನಿಮ್ಮ ಲ್ಯಾಬಲ್ಲಿ ಆ ಮದ್ದಿದೆಯಲ್ಲ, ಒಂದು ಸೀಸೆ ತಂದ್ಬಿಡಮ್ಮ.”

“ಅದು ಇಲಿಗೆ ಕೊಡೋದು, ಭಾವ.”

“ಇಲಿಗೆ ಕೊಡ್ತೀಯ, ಒಡಹುಟ್ಟಿದವಳಿಗೆ ಕೊಡೋಕೆ ಕೈ ಬರಲ್ವಾ?”

“ಅಂಥದ್ದೇ ಒಂದನ್ನ ಮನುಷ್ಯರಿಗೂ ಕೊಟ್ಟು ನೋಡಿದಾರೆ. ಇಲಿಗೆ ಹಿಡಿದದ್ದು ಮನುಷ್ಯರಿಗೆ ಹಿಡೀಲಿಲ್ಲ.”

“ಹಾಗಾದ್ರೆ ಇಷ್ಟು ವರ್ಷ ಅಲ್ಲಿ ಏನು ಕಡಿದು ಕಟ್ಟೆ ಹಾಕಿದೆ?”

ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಅವಳು ಅಕ್ಕನ ಮಂಚದ ಹತ್ತಿರ ಹೋದಳು.

“ಯಾಕೆ ಹೇಳಲಿಲ್ಲ ನನಗೆ?”

“ಹೇಳಿದ್ರೆ ನೀನು ನನ್ನನ್ನ ಬಸ್ಸಿಂದ ಇಳಿಸ್ತಿದ್ದೆ.”

“ಹೌದು, ಇಳಿಸ್ತಿದ್ದೆ. ಮಕ್ಕಳನ್ನ ಕೂರಿಸ್ಕೊಂಡು ಹೋಗುವಾಗ ತಲೆ ಸುತ್ತಿದ್ರೆ ಏನು ಗತಿ?”

ಅಕ್ಕ ಗೋಡೆ ಕಡೆ ಹೊರಳಿದಳು. “ಬಂದಾಗೆಲ್ಲ ನಿನ್ನ ಇಲಿಗಳ ಪುರಾಣ ಕೇಳಿದೀನಿ. ನಾನು ಹೇಗಿದೀನಿ ಅಂತ ನೀನು ಯಾವತ್ತು ಕೇಳಿದೆ?”

ಮಾತು ನೆಟ್ಟಗೆ ಹೋಗಿ ನಾಟಿತು. ನಿಜವಾದ್ದರಿಂದಲೇ ತಂಗಿಯ ಸಿಟ್ಟು ಇಮ್ಮಡಿಯಾಯಿತು.

ಮಾರನೇ ದಿನ ಕಿಡ್ನಿ ಡಾಕ್ಟರು ಬರೆದುಕೊಟ್ಟದ್ದು ಹಳೆಯ ಬಿಪಿ ಮಾತ್ರೆ. ಅದು ಮೂತ್ರದಲ್ಲಿ ಪ್ರೋಟೀನು ಸೋರುವುದನ್ನು ತಗ್ಗಿಸುತ್ತದೆ, ನಾರು ತುಂಬಿಕೊಳ್ಳುವ ವೇಗವನ್ನೂ ಕುಗ್ಗಿಸುತ್ತದೆ ಎಂದರು. ಕೆಟ್ಟದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಯಬಹುದು. ಯಾವ ಔಷಧಿ ಅಂಗಡಿಯಲ್ಲೂ ಸಿಗುವ ಮಾತ್ರೆ! ಒಂದು ಮೂತ್ರ ಪರೀಕ್ಷೆ ಮಾಡಿಸಿದ್ದರೆ ಅಕ್ಕನಿಗೆ ಅದು ಎಂದೋ ಸಿಗುತ್ತಿತ್ತು. ಅದು ಗೊತ್ತಿದ್ದದ್ದು ಮನೆಯಲ್ಲಿ ತಂಗಿಯೊಬ್ಬಳಿಗೇ. ಅವಳು ಹೊರಗೆ ಬಂದು ಕಸದ ಡಬ್ಬಿಗೆ ಜಾಡಿಸಿ ಒದ್ದಳು. ಆಮೇಲೆ ಚೆಲ್ಲಿದ್ದನ್ನು ತಾನೇ ಬಾಚಿದಳು.

ಲ್ಯಾಬಿನಲ್ಲಿ ಮುಖ್ಯಸ್ಥರು ನಗುತ್ತ, “ನಿನ್ನ ಇಲಿಗಳು ಹೇಗಿವೆ?” ಅಂದರು.

“ಚೆನ್ನಾಗಿವೆ ಸರ್,” ಅಂದಳು, “ನಮ್ಮಕ್ಕನಿಗಿಂತ.”

ಅಕ್ಕ ಈಗ ಡಿಪೋದ ಕಿಟಕಿ ಹಿಂದೆ ಕೂತು ಬೇರೆ ಡ್ರೈವರುಗಳಿಗೆ ರೂಟು ಹಂಚುತ್ತಾಳೆ. ಕಿಡ್ನಿ ಇನ್ನಷ್ಟು ಹದಗೆಟ್ಟಿಲ್ಲ. ಪರೀಕ್ಷೆಗೆ ತಂಗಿಯೇ ಕರೆದೊಯ್ಯುತ್ತಾಳೆ. ಕಾರಿನಲ್ಲಿ ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಕೂರುತ್ತಾರೆ. ತಂಗಿಯ ಗೇರು, ತಿರುವು ಯಾವುದೂ ಅಕ್ಕನಿಗೆ ಸರಿಬರುವುದಿಲ್ಲ, ದಾರಿಯುದ್ದಕ್ಕೂ ಬೈಯುತ್ತಾಳೆ. ತಂಗಿ ಸುಮ್ಮನೆ ಬೈಸಿಕೊಳ್ಳುತ್ತಾಳೆ.