ತೇಲಿದ ಅಕ್ಕಿ

ಧಮ್ಮಶೀಲಾಳ ಫೋಟೋ ಊರಿನ ಮಹಿಳಾ ಸಂಘದ ವಾಟ್ಸಾಪ್ ಗ್ರೂಪಿಗೆ ಬಂದಾಗ ಸ್ವರೂಪಾ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಜಂಪರಿಗೆ ತೋಳು ಕೂಡಿಸುತ್ತಿದ್ದಳು. ನಾರಾಯಣಖೇಡದಲ್ಲಿ ಶಾಲು ಹೊದಿಸಿ, ಮಂಡಲಕ್ಕೆಲ್ಲ ಒಳ್ಳೆಯ ಅಂಗನವಾಡಿ ಟೀಚರ್ ಎಂದು ಅವಳ ಕೈಗೆ ಫಲಕ ಕೊಟ್ಟಿದ್ದರು. ಕೆಳಗೆ ಚಪ್ಪಾಳೆಗಳ ಸಾಲು. ಸ್ವರೂಪಾ ಫೋನ್ ಮಗುಚಿಟ್ಟು ಹೊಲಿಗೆಗೆ ಬಗ್ಗಿದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಎಡದ ತೋಳು ಬಲಕ್ಕೆ ಕೂತಿತ್ತು.

ಇಬ್ಬರೂ ತೆಲುಗು ಸೀಮೆಯ ಗಡಿಯಲ್ಲಿರುವ ಕಂಗ್ಟಿಯ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ಹತ್ತನೆಯ ತರಗತಿಯಲ್ಲಿ ಧಮ್ಮಶೀಲಾ ಗಣಿತ ತಲೆಗೆ ಹತ್ತದೆ ಅಳುತ್ತಿದ್ದಾಗ ಲೆಕ್ಕ ಬಿಡಿಸಿ ತೋರಿಸಿದವಳು ಸ್ವರೂಪಾ. ಮುಂದೆ ಇಬ್ಬರೂ ಇದೇ ಊರಿಗೆ, ಎರಡು ಓಣಿ ಅಂತರದಲ್ಲಿ ಸೊಸೆಯರಾಗಿ ಬಂದರು. ಆರು ವರ್ಷದ ಹಿಂದೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಕರೆದಾಗ ಇಬ್ಬರೂ ಹಾಕಿದರು. ಹತ್ತನೆಯ ತರಗತಿಯ ಹನ್ನೊಂದು ಅಂಕದ ಹೆಚ್ಚಳದಲ್ಲಿ ಕೆಲಸ ಧಮ್ಮಶೀಲಾಳಿಗೆ ಹೋಯಿತು. ಆ ಹನ್ನೊಂದರಲ್ಲಿ ನಾನು ಕಲಿಸಿದ ಲೆಕ್ಕದವು ಎಷ್ಟಿದ್ದವೋ ಎಂದು ಸ್ವರೂಪಾ ಎಷ್ಟೋ ಸಲ ತನ್ನೊಳಗೇ ಕೇಳಿಕೊಂಡಿದ್ದಳು.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ನಾಲ್ಕು ವರ್ಷದ ಮಗಳು ಆಟದಲ್ಲಿ ಸೆರಗು ಹೊದ್ದು ಟೀಚರ್ ಆಗುತ್ತಿದ್ದಳು, ಧಮ್ಮಶೀಲಾಳ ಹಾಗೆಯೇ ತಲೆ ಓರೆ ಮಾಡಿ ಮಾತಾಡುತ್ತಿದ್ದಳು. ಹೆರಿಗೆಗೆಂದು ತವರಿಗೆ ಬಂದ ನಾದಿನಿ ಮಾಳಮ್ಮ ದಿನಾ ಮಧ್ಯಾಹ್ನ ಅಂಗನವಾಡಿಯಲ್ಲಿ ಬಸುರಿಯರಿಗೆ ಹಾಕುವ ಊಟಕ್ಕೆ ಹೋಗಿ, ತತ್ತಿ ತಿಂದು, ಹಾಲು ಕುಡಿದು, "ಟೀಚರಮ್ಮ ಭಾಳ ಛಲೋ ಅದಾಳ ವೈನಿ" ಎಂದು ಹೊಗಳಿಕೊಂಡು ಬರುತ್ತಿದ್ದಳು. ಫೋಟೋ ಬಂದ ದಿನ ಅತ್ತೆ ಪೋಚಮ್ಮ ರೊಟ್ಟಿ ಬಡಿಯುತ್ತ ಅಂದೇಬಿಟ್ಟಳು: "ಓದಿದ್ರ ಹಂಗ ಓದಬೇಕವ್ವ. ನಾಕ ಮಂದ್ಯಾಗ ಹೆಸರ ತಂದಾಳ ನೋಡು."

"ನಾನೂ ಓದೀನಿ ಅತ್ತಿ," ಎಂದಳು ಸ್ವರೂಪಾ.

"ಯಾರ ಇಲ್ಲ ಅಂದಾರ?" ಎಂದಳು ಪೋಚಮ್ಮ. ಆ ಮಾತು ಇನ್ನಷ್ಟು ಉರಿಸಿತು.

ಮರುದಿನ ರೇಷನ್ ಅಕ್ಕಿ ತೊಳೆಯುವಾಗ ಬಟ್ಟಲಲ್ಲಿ ನಾಲ್ಕೈದು ಕಾಳು ಮೇಲೆ ತೇಲಿದವು. ಉಳಿದವಕ್ಕಿಂತ ಬಿಳಿ, ನುಣುಪು. ಅದೇನೆಂದು ಸ್ವರೂಪಾಳಿಗೆ ಗೊತ್ತಿತ್ತು. ತಿಂಗಳ ಹಿಂದೆ ತಾಯಂದಿರ ಸಭೆಯಲ್ಲಿ ಧಮ್ಮಶೀಲಾಳೇ ಹೇಳಿದ್ದಳು: ಅಕ್ಕಿ ಹಿಟ್ಟಿಗೆ ರಕ್ತ ಹೆಚ್ಚಿಸುವ ಕಬ್ಬಿಣದ ಸತ್ವ ಸೇರಿಸಿ, ಮತ್ತೆ ಕಾಳಿನ ಆಕಾರ ಮಾಡಿ, ನೂರಕ್ಕೊಂದು ಬೆರೆಸಿರುತ್ತಾರೆ, ಹಗುರ ಇರುವುದರಿಂದ ತೇಲುತ್ತವೆ, ಆರಿಸಿ ಚೆಲ್ಲಬೇಡಿ. ಹಿಂದೆ ಕೂತ ಸ್ವರೂಪಾ ಕೇಳಿಯೂ ಕೇಳದವಳಂತೆ ಉಗುರು ನೋಡಿಕೊಂಡಿದ್ದಳು.

ಈಗ ಅಂಚಿಗೆ ಅಕ್ಷರ ಕೆತ್ತಿದ ಆ ಸ್ಟೀಲ್ ಬಟ್ಟಲನ್ನು ಬೆಳಕಿಗೆ ಹಿಡಿದು, ತೇಲುವ ಕಾಳನ್ನು ಬೆರಳಿಂದ ದೂಡುತ್ತ ಹತ್ತೊಂಬತ್ತು ಸೆಕೆಂಡು ವಿಡಿಯೋ ಮಾಡಿದಳು. ಮಾತಾಡಲಿಲ್ಲ. ಕೆಳಗೆ ಬರೆದಳು: "ನಮ್ಮೂರ ಅಂಗನವಾಡಿ ಅಕ್ಕಿ. ಇದು ಅಕ್ಕಿಯೋ, ಪ್ಲಾಸ್ಟಿಕ್ಕೋ?" ಕೇಳಿದ್ದೇ ಹೊರತು ಏನೂ ಹೇಳಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಜಹೀರಾಬಾದಿನಲ್ಲಿ ಮೊಬೈಲ್ ಅಂಗಡಿಯಲ್ಲಿದ್ದ ಚಿಕ್ಕಪ್ಪನ ಮಗ ರಾಜರತ್ನನಿಗೆ ಕಳಿಸಿ, ತನ್ನ ಹೆಸರು ಬರಬಾರದು ಎಂದಳು. ಅವನು ಇಪ್ಪತ್ತು ಗ್ರೂಪಿನಲ್ಲಿದ್ದವನು.

ಆ ಸಂಜೆಯೇ ವಿಡಿಯೋ, ಹಲವು ಕೈ ದಾಟಿದ್ದಕ್ಕೆ ಬೀಳುವ ಎರಡು ಬಾಣದ ಗುರುತು ಹೊತ್ತು, ಊರಿನ ಗ್ರೂಪಿಗೇ ತಿರುಗಿ ಬಂತು. ಮರುದಿನ ಅದಕ್ಕೆ ತೆಲುಗಿನಲ್ಲಿ ಯಾರದೋ ಗಡಸು ದನಿ ಸೇರಿತ್ತು, ಪ್ರಶ್ನೆ ಹೋಗಿತ್ತು, ಪ್ಲಾಸ್ಟಿಕ್ಕೇ ಎಂದು ಖಾತ್ರಿಯಾಗಿತ್ತು. ಮೂರನೆಯ ದಿನ ತಾಂಡೂರಿನ ಕಡೆಯಿಂದ ಬಂದದ್ದರಲ್ಲಿ ಅದೇ ಬಟ್ಟಲು, ಅದೇ ಬೆರಳು, ಜೊತೆಗೆ ದವಾಖಾನೆಯ ಮಂಚದ ಮೇಲೆ ಮಲಗಿದ ಯಾವುದೋ ಊರಿನ ಯಾವುದೋ ಕೂಸು.

ಸ್ವರೂಪಾ ಹೊಲಿಗೆ ಬಿಟ್ಟೆದ್ದಳು. ರಾಜರತ್ನನಿಗೆ ಫೋನ್ ಹಚ್ಚಿದಳು. "ತೆಗಿಯೋ ತಮ್ಮ ಅದನ್ನ."

"ನಾ ತೆಗದ್ರ ನನ್ನ ಫೋನಿನ್ಯಾಗಿಂದಷ್ಟೇ ಹೋಗ್ತದ ಅಕ್ಕ. ಅದು ಈಗ ಯಾರ ಕೈಯಾಗೂ ಇಲ್ಲ."

ಅಂಗನವಾಡಿಗೆ ಬರುವ ಮಕ್ಕಳು ಇಪ್ಪತ್ತಾರರಿಂದ ಏಳಕ್ಕಿಳಿದರು. ಮಾಳಮ್ಮ ಊಟಕ್ಕೆ ಹೋಗುವುದು ಬಿಟ್ಟಳು. ಅಲ್ಲಿ ಕೊಟ್ಟ ಕಬ್ಬಿಣದ ಗುಳಿಗೆಯನ್ನೂ ಹಿತ್ತಲಿಗೆ ಎಸೆದಳು. "ಮನಿ ಅಕ್ಕಿ ಹ್ಯಾಂಗದ ವೈನಿ?" ಎಂದು ಕೇಳಿದಾಗ ಸ್ವರೂಪಾ ಗೋಡೆ ಕಡೆ ಮುಖ ಮಾಡಿ, "ನಮ್ದು ಬ್ಯಾರೆ ಅಕ್ಕಿ, ಅಂಗಡೀದು," ಎಂದಳು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು ಬೇಕಾಯಿತು.

ನಾಲ್ಕನೆಯ ದಿನ ಧಮ್ಮಶೀಲಾ ಮನೆಮನೆಗೆ ಹೋಗಿ ತಾಯಂದಿರನ್ನು ಅಂಗನವಾಡಿಗೆ ಕರೆದಳು. ನಿದ್ದೆ ಕಾಣದ ಅವಳ ಕಣ್ಣು ಊದಿದ್ದವು. ಅದನ್ನು ನೋಡಿ ಸ್ವರೂಪಾಳ ಹೊಟ್ಟೆ ಒಂದು ಗಳಿಗೆ ತಣ್ಣಗಾಯಿತು. ಮರುಗಳಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಆದರೂ ಹೋದಳು. ಅವಳು ಬೀಳುವುದನ್ನು ಕಣ್ಣಾರೆ ನೋಡುವ ಆಸೆ ಹೇಸಿಗೆಗಿಂತ ದೊಡ್ಡದಿತ್ತು.

ಧಮ್ಮಶೀಲಾ ಯಾರನ್ನೂ ಬೈಯಲಿಲ್ಲ. "ನಿಮ್ಮ ಅಂಜಿಕಿ ಖರೇ ಅದ. ಕೂಸಿನ ಮಾತ ಬಂದ್ರ ನಾನೂ ಅಂಜತೀನಿ. ನಾ ಹೇಳಿದ್ದು ನಂಬಬ್ಯಾಡ್ರಿ, ನೀವೇ ನೋಡ್ರಿ," ಎಂದಳು. ಅಕ್ಕಿಯನ್ನು ನೀರಿಗೆ ಹಾಕಿ, ತೇಲಿದ ಕಾಳುಗಳನ್ನು ಒಂದು ತಟ್ಟೆಗೆ ತೆಗೆದಳು. ಆಮೇಲೆ ಗುಂಪಿನತ್ತ ತಿರುಗಿದಳು. "ಸ್ವರೂಪಾ, ನಿನ್ನ ಬಲ್ಲಿ ಗುಂಡಿ ಇರತಾವಲ್ಲ. ಒಂದು ಪ್ಲಾಸ್ಟಿಕ್ ಗುಂಡಿ ಕೊಡು."

ಎಲ್ಲರೂ ಇವಳನ್ನೇ ನೋಡಿದರು. ಸ್ವರೂಪಾ ಸೀರೆಯ ಗಂಟಿನಲ್ಲಿದ್ದ ಬಿಳಿ ಗುಂಡಿಯೊಂದನ್ನು ಕೊಟ್ಟಳು. ಧಮ್ಮಶೀಲಾ ಗಾಯಕ್ಕೆ ಹಚ್ಚುವ ಅಯೋಡಿನ್ ಔಷಧವನ್ನು ಗುಂಡಿಯ ಮೇಲೆ ಒಂದು ಹನಿ, ತೇಲಿದ ಕಾಳಿನ ಮೇಲೆ ಒಂದು ಹನಿ, ತೇಲದ ಕಾಳಿನ ಮೇಲೆ ಒಂದು ಹನಿ ಬಿಟ್ಟಳು. ಎರಡೂ ಕಾಳು ಕಪ್ಪು ನೀಲಿಗೆ ತಿರುಗಿದವು. ಗುಂಡಿಯ ಮೇಲೆ ಔಷಧ ಕಂದು ಬಣ್ಣದಲ್ಲೇ ನಿಂತಿತು.

"ಪಿಷ್ಟ ಇದ್ದದ್ದು ಕರ್ರಗಾಗ್ತದ. ಪ್ಲಾಸ್ಟಿಕ್ ಆಗಲ್ಲ. ಬ್ಯಾರೆ ಅಕ್ಕಿ ತಂದು ನೀವೇ ಹಾಕಿ ನೋಡ್ರಿ," ಎಂದಳು. ಹೆಂಗಸರು ಮುಂದೆ ನುಗ್ಗಿ ತಾವೇ ಹನಿ ಹಾಕಿ ನೋಡಿದರು. ಧಮ್ಮಶೀಲಾ ಅನ್ನ ಬೇಯಿಸಿ ಎಲ್ಲರೆದುರು ತಾನೇ ಮೊದಲ ತುತ್ತು ತಿಂದಳು. ನಾರಾಯಣಖೇಡದಿಂದ ಬಂದ ಸೂಪರ್ವೈಸರ್ ಮೇಡಂ ಅದನ್ನೆಲ್ಲ ವಿಡಿಯೋ ಮಾಡಿಕೊಂಡು, ಬೇರೆ ಊರಿನ ಟೀಚರುಗಳಿಗೂ ಇವಳೇ ಕಲಿಸಲಿ ಎಂದರು.

ಸ್ವರೂಪಾ ಮನೆಗೆ ಬಂದು ಯಂತ್ರದ ಮುಂದೆ ಕೂತಳು. ಧಮ್ಮಶೀಲಾ ಹಳ್ಳಕ್ಕೆ ಬೀಳಲೆಂದು ತಾನು ದೂಡಿದ್ದು. ಅವಳು ಗುಡ್ಡ ಹತ್ತಿ ನಿಂತಿದ್ದಳು. ಅಷ್ಟೂ ಜನರೆದುರು ಗುಂಡಿ ಕೊಟ್ಟವಳೂ ತಾನೇ. ಅವತ್ತಿನಷ್ಟು ಹೊಟ್ಟೆಕಿಚ್ಚು ಸ್ವರೂಪಾ ಹಿಂದೆಂದೂ ಪಟ್ಟಿರಲಿಲ್ಲ.

ಮಕ್ಕಳು ಒಬ್ಬೊಬ್ಬರಾಗಿ ಅಂಗನವಾಡಿಗೆ ತಿರುಗಿದರು. ಆದರೆ ಮೇಡಂ ಮಾಡಿದ ನಾಲ್ಕು ನಿಮಿಷದ ವಿಡಿಯೋ ಊರ ಗಡಿ ದಾಟಲಿಲ್ಲ. ಹತ್ತೊಂಬತ್ತು ಸೆಕೆಂಡಿನದು ಇನ್ನೂ ತಿರುಗುತ್ತಲೇ ಇತ್ತು. ದಿನ ತುಂಬುತ್ತಿದ್ದ ಆಯಾಸಕ್ಕೂ ಫೋನಿನಲ್ಲಿ ಕಂಡ ಕೂಸಿನ ಅಂಜಿಕೆಗೂ ಮನೆ ಬಿಟ್ಟು ಹೊರಬೀಳದ ಮಾಳಮ್ಮ ಅಯೋಡಿನ್ ಹನಿಯನ್ನೂ ನೋಡಲಿಲ್ಲ, ಊಟಕ್ಕೂ ಹೋಗಲಿಲ್ಲ. ಮೂರು ವಾರದ ಮೇಲೆ ಅವಳನ್ನು ನಾರಾಯಣಖೇಡದ ದವಾಖಾನೆಗೆ ಕರೆದೊಯ್ದಾಗ ರಕ್ತದ ಹಿಮೋಗ್ಲೋಬಿನ್ ಒಂಬತ್ತೂವರೆಯಿಂದ ಏಳಕ್ಕೆ ಇಳಿದಿತ್ತು. "ಹೆರಿಗಿ ಹೊತ್ತಿಗೆ ಹಿಂಗೇ ಇದ್ರ ಕಷ್ಟ ಅದರಿ," ಎಂದು ಡಾಕ್ಟರಮ್ಮ ಪೋಚಮ್ಮನಿಗೆ ಹೇಳಿದರು. ಗುಳಿಗೆ ಯಾಕೆ ಬಿಟ್ಟೆ ಎಂದು ಕೇಳಿದರೆ ಮಾಳಮ್ಮ ಸೆರಗಿನಿಂದ ಕಣ್ಣೊರೆಸಿ, "ಫೋನಿನ್ಯಾಗ ನೋಡೀನ್ರಿ," ಎಂದಳು.

ಮಾಳಮ್ಮನ ಕೈಗೆ ಸಲೈನಿನಲ್ಲಿ ಕಬ್ಬಿಣದ ಔಷಧ ಏರಿಸುತ್ತಿದ್ದರು. ಪೋಚಮ್ಮ ಚಹಾ ತರಲು ಹೊರಗೆ ಹೋಗಿದ್ದಳು. ಸ್ವರೂಪಾ ಮಂಚದ ಅಂಚಿಗೆ ಕೂತಳು.

"ಮಾಳಮ್ಮ, ಆ ವಿಡಿಯೋದಾಗಿನ ಕೈ ನಂದು."

ಮಾಳಮ್ಮ ಮುಖ ನೋಡಿದಳು.

"ಅದು ನಮ್ಮ ಮನಿ ಅಕ್ಕಿ. ರೇಷನ್ದು. ನೀ ದಿನಾ ಉಣ್ಣಾಕತ್ತಿದ್ದೂ ಅದೇ. ಅದು ಪ್ಲಾಸ್ಟಿಕ್ ಅಲ್ಲಂತ ನಂಗ ಅವತ್ತೇ ಗೊತ್ತಿತ್ತು."

"ಮತ್ತ ಯಾಕ ವೈನಿ?"

ಈ ಪ್ರಶ್ನೆಗೆ ಏನೇನೋ ಉತ್ತರ ತಯಾರಿಸಿಕೊಂಡಿದ್ದಳು. ಅವನ್ನೆಲ್ಲ ಬಿಟ್ಟಳು. "ಆಕಿನ್ನ ಎಲ್ಲಾರೂ ಹೊಗಳೂದು ನೋಡಾಕ ಆಗಲಿಲ್ಲ," ಎಂದಳು.

ಮಾಳಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಆದರೆ ಗುಳಿಗೆ ನುಂಗಿದಳು.

ಊರಿಗೆ ಬಂದ ಮೇಲೆ ಸ್ವರೂಪಾ ಅದೇ ಬಟ್ಟಲು, ಅದೇ ಅಕ್ಕಿ ಹಿಡಿದು, ಈ ಸಲ ಫೋನನ್ನು ತನ್ನ ಮುಖಕ್ಕೆ ತಿರುಗಿಸಿ ನಿಲ್ಲಿಸಿದಳು. ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ಹೇಳಿದಳು: ಪ್ಲಾಸ್ಟಿಕ್ ಅಕ್ಕಿ ಅಂತ ತಿರುಗುತ್ತಿರುವ ಆ ವಿಡಿಯೋ ಮಾಡಿದ್ದು ನಾನು, ಅಕ್ಕಿ ಅಂಗನವಾಡಿಯದಲ್ಲ, ಪ್ಲಾಸ್ಟಿಕ್ ಅಲ್ಲ, ಮಂಚದ ಮೇಲಿನ ಕೂಸು ಯಾರದೋ ನನಗೆ ಗೊತ್ತಿಲ್ಲ, ನನ್ನ ಹೊಟ್ಟೆಕಿಚ್ಚಿಗೆ ಮಾಡಿದೆ. ಗ್ರೂಪಿಗೆ ಹಾಕಿ, ರಾಜರತ್ನನಿಗೂ ಕಳಿಸಿದಳು. "ಎಲ್ಲಿಗೆ ಅದನ್ನ ಕಳಿಸಿದ್ದ್ಯೋ ಅಲ್ಲಿಗೆಲ್ಲ ಇದನ್ನೂ ಕಳಿಸು. ಈ ಸಲ ನನ್ನ ಹೆಸರ ಇರಲಿ."

ಬೈಗುಳ ಸುರಿದವು. ಗಂಡ ಜೈಪಾಲ ಆಟೋ ನಿಲ್ಲಿಸುವಲ್ಲೆಲ್ಲ ಜನ ನಕ್ಕರಂತೆ. ಅವನು ವಾರಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಎರಡು ಮನೆಯವರು ಹೊಲಿಗೆಗೆ ಕೊಟ್ಟ ಬಟ್ಟೆ ವಾಪಸು ಒಯ್ದರು. ಆದರೂ ಸುಳ್ಳು ಹೇಳಿದವಳು ತಾನೇ ಒಪ್ಪಿಕೊಂಡದ್ದನ್ನು ನೋಡುವ ಚಪಲಕ್ಕೋ ಏನೋ, ಆ ವಿಡಿಯೋ ಜಹೀರಾಬಾದ್ ದಾಟಿ ತಾಂಡೂರಿನವರೆಗೆ ಹೋಯಿತು. ಧಮ್ಮಶೀಲಾಳ ವಿಡಿಯೋಗಿಂತ ಹೆಚ್ಚು ಜನ ನೋಡಿದ್ದಾರೆ ಎಂದು ರಾಜರತ್ನ ಹೇಳಿದಾಗ ಸ್ವರೂಪಾಳಿಗೆ ಒಳಗೆಲ್ಲೋ ಸಣ್ಣ ಖುಷಿಯಾಯಿತು. ಇದಕ್ಕೂ ಖುಷಿಯೇ ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ರಾಜರತ್ನ ಹಾಗೆ ಹೇಳಿದ ಮಾರನೆಯ ದಿನ ಅಂಗನವಾಡಿಗೆ ಹೋದಳು. ಧಮ್ಮಶೀಲಾ ಮಕ್ಕಳ ತಟ್ಟೆ ತೊಳೆದು ಬೋರಲು ಹಾಕುತ್ತಿದ್ದಳು.

"ನಂಗ ಮೊದಲ ದಿನಾನೇ ಗೊತ್ತಿತ್ತು," ಎಂದಳು, ತಲೆ ಎತ್ತದೆ. "ಬಟ್ಟಲದ ಅಂಚಿಗಿನ ಅಕ್ಷರ ನಾ ಕೆತ್ತಿಸಿದ್ದು. ನಿನ್ನ ಲಗ್ನಕ್ಕ ಕೊಟ್ಟಿದ್ದೆ."

"ಮತ್ತ ಅವತ್ತ ಎಲ್ಲಾರ ಮುಂದ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಅಕ್ಕಿ ಮಾತ ಬಿಟ್ಟು ನಮ್ಮಿಬ್ಬರ ಜಗಳದ ಮಾತ ಆಗತಿತ್ತು. ಮಕ್ಕಳು ಊಟಕ್ಕ ಬರತಿರಲಿಲ್ಲ." ಆಮೇಲೆ ತಟ್ಟೆ ಕೆಳಗಿಟ್ಟು ನೆಟ್ಟಗೆ ನೋಡಿದಳು. "ಸಿಟ್ಟು ಭಾಳ ಬಂದಿತ್ತು. ಇನ್ನೂ ಅದ. ಗುಂಡಿ ಕೇಳಿದ್ದು ಅದಕ್ಕೇ."

ಸ್ವರೂಪಾ ಉಳಿದ ತಟ್ಟೆಗಳನ್ನು ಎಳೆದುಕೊಂಡು ತೊಳೆಯಲು ಕೂತಳು. ಇಷ್ಟು ತಿಳುವಳಿಕೆ ಇವಳಿಗೆ ಎಲ್ಲಿಂದ ಬಂತೋ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಮಾಳಮ್ಮನ ಹೆರಿಗೆ ನಾರಾಯಣಖೇಡದಲ್ಲೇ ಆಯಿತು. ಒಂದು ಬಾಟಲಿ ರಕ್ತ ಬೇಕಾಯಿತು, ಜೈಪಾಲ ಕೊಟ್ಟ. ಹೆಣ್ಣು ಕೂಸು, ತುಸು ಸಣ್ಣದು, ಆದರೆ ಅಳು ಜೋರಾಗಿತ್ತು. ಹೆಸರಿಡುವ ಮಾತು ಬಂದಾಗ ಧಮ್ಮಶೀಲಾಳೂ ತೊಟ್ಟಿಲ ಬಳಿಯಲ್ಲಿದ್ದಳು.

"ಟೀಚರಮ್ಮನ ಹೆಸರೇ ಇಡಬೇಕಂತೀನಿ," ಎಂದಳು ಮಾಳಮ್ಮ, ಸ್ವರೂಪಾಳ ಮುಖ ನೋಡುತ್ತ.

ಸ್ವರೂಪಾ ಕೂಸಿನ ಅಂಗಿಗೆ ಕಟ್ಟುವ ಕಸೆ ಹೊಲಿಯುತ್ತಿದ್ದಳು. ಸೂಜಿ ನಿಂತಿತು. "ಇಡು. ಆದ್ರ ಈಗೇ ಹೇಳತೀನಿ, ನಂಗ ಹೊಟ್ಟಿಕಿಚ್ಚ ಆಗಾಕತ್ತದ," ಎಂದಳು.

ಪೋಚಮ್ಮ ನಕ್ಕಳು. ಧಮ್ಮಶೀಲಾಳೂ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿದಳು. ಸ್ವರೂಪಾಳಿಗೆ ಮಾತ್ರ ನಗು ಬರಲಿಲ್ಲ. ತಾನು ಅಂದದ್ದು ನಿಜವೇ ಆಗಿತ್ತು.